ದೊರೆಸಾನಿ ಮಾಡಿದ ಬೈಗುಳದ ಪುಸ್ತಕ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ಒಂದು ಎಮ್ಮೆಯ ಜೊತೆ ಜಗಳವಾಡುತ್ತಿದ್ದರು.

ಎಮ್ಮೆ ಶಾಲೆಯ ಗೇಟಿಗೆ ಅಡ್ಡವಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಅವರು ದೊಡ್ಡ ಹೂಗಳ ಫ್ರಾಕು ತೊಟ್ಟು, ತಲೆಗೆ ಹುಲ್ಲಿನ ಟೋಪಿ ಇಟ್ಟುಕೊಂಡು, ಮಡಿಸಿದ ಕೊಡೆಯಿಂದ ಅದರ ಬೆನ್ನು ತಿವಿಯುತ್ತಿದ್ದರು. ಬಣ್ಣ, ವೇಷ ನೋಡಿದರೆ ನೆನ್ನೆ ತಾನೇ ಹಡಗಿನಿಂದ ಇಳಿದವರಂತೆ. ಬಾಯಿ ಬಿಟ್ಟರೆ ಹೀಗೆ:

"ಏಳ್ತೀಯೋ ಇಲ್ವೋ? ಇದೇನ್ ನಿಮ್ಮತ್ತೆ ಮನೆ ಜಗಲಿ ಅಂದ್ಕಂಡಿದ್ದೀಯಾ? ಉಡುಗ್ರು ಒಳಿಕ್ ಬರೋದ್ ಬ್ಯಾಡ್ವಾ?"

ನಾನು ಸರ್ಟಿಫಿಕೇಟುಗಳ ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಹೆಡ್ ಮಿಸ್ಟ್ರೆಸ್ ಆಂಗ್ಲೋ ಇಂಡಿಯನ್ ಎಂದು ಕೇಳಿದ್ದರಿಂದ, ಇಂಗ್ಲಿಷಿನಲ್ಲಿ ಹೇಳಬೇಕಾದ ವಾಕ್ಯಗಳನ್ನು ಬಸ್ಸಿನಲ್ಲಿ ಉದ್ದಕ್ಕೂ ಉರು ಹೊಡೆದು ಬಂದಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕನ್ನಡ ಟೀಚರ್ ಕೆಲ್ಸಕ್ ಬಂದೋರಾ? ಒಳ್ಳೇದಾಯ್ತು. ಆ ಬಾಲ ಇಡ್ಕಳಿ" ಎಂದರು.

ನನ್ನ ಸಂದರ್ಶನ ಅಷ್ಟೇ. ಬಾಲ ಹಿಡಿದೆ. ಎಮ್ಮೆ ಎದ್ದಿತು. ಕೆಲಸ ಸಿಕ್ಕಿತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಗಂಡನಿಗೆ ವೈಟ್‌ಫೀಲ್ಡಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸವಾಗಿ, ನಾವು ಅತ್ತೆಯವರ ಸಮೇತ ಮೈಸೂರು ಬಿಟ್ಟು ಬಂದು ಬಾಡಿಗೆ ಮನೆ ಹಿಡಿದಿದ್ದೆವು. ವೈಟ್‌ಫೀಲ್ಡ್ ಎಂದರೆ ಆಗ ಹೆಂಚಿನ ಬಂಗಲೆಗಳು, ಮಾವಿನ ಮರಗಳು, ಪಿಂಚಣಿ ಎಣಿಸುತ್ತ ಕೂತ ಮುದುಕರು. ಅಲ್ಲಿಂದ ಕುಂದಲಹಳ್ಳಿಯ ಕಡೆ ಹೊರಟರೆ ರಾಗಿ ಹೊಲ, ದ್ರಾಕ್ಷಿ ತೋಟ. ಶಾಲೆ ಇವೆರಡರ ನಡುವೆ ಇತ್ತು. ಹೆಸರಿಗೆ ಇಂಗ್ಲಿಷ್ ಶಾಲೆ. ಬರುತ್ತಿದ್ದವರು ಕುಂದಲಹಳ್ಳಿಯ ಒಕ್ಕಲು ಮಕ್ಕಳು, ದ್ರಾಕ್ಷಿ ತೋಟದಲ್ಲಿ ದುಡಿಯುವ ತಮಿಳರ ಮಕ್ಕಳು, ರೈಲ್ವೆ ಸ್ಟೇಷನ್ನಿನ ಹತ್ತಿರ ಜಟಕಾ ಓಡಿಸುವ ಸಾಯ್ಬರ ಮಕ್ಕಳು, ಬಂಗಲೆಗಳಲ್ಲಿ ಇನ್ನೂ ಉಳಿದಿದ್ದ ಕೆಲವು ಆಂಗ್ಲೋ ಇಂಡಿಯನ್ ಮಕ್ಕಳು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೂ ಊರಿನವರಿಗೆ ಯಾರೆಂದು ತಿಳಿಯಲಾರದು. ಮಕ್ಕಳಿಗೆ ಅವರು ಮಿಸ್ಸು. ಮಿಕ್ಕವರಿಗೆಲ್ಲ ದೊರೆಸಾನಿ. ಹುಟ್ಟಿದ್ದು ವೈಟ್‌ಫೀಲ್ಡಿನಲ್ಲೇ, ತಾಯಿ ಬೇಗ ತೀರಿಕೊಂಡು ಕುಂದಲಹಳ್ಳಿಯ ಆಯಾ ಒಬ್ಬಳು ಸಾಕಿದ್ದಳು. ಆ ಆಯಾಳ ಕನ್ನಡ ಅವರ ನಾಲಗೆಯಲ್ಲಿ ಹಾಗೇ ಕೂತುಬಿಟ್ಟಿತ್ತು. ದೇವರ ಜೊತೆ ಮತ್ತು ಶಾಲಾ ಸಮಿತಿಯ ಜೊತೆ ಇಂಗ್ಲಿಷ್. ಮಕ್ಕಳು, ದನಕರು, ನೆಂಟರಂಥವರು, ಸಿಟ್ಟು, ಇವಿಷ್ಟಕ್ಕೂ ಕನ್ನಡ. ಬ್ರೆಡ್ಡನ್ನು ಫೋರ್ಕಿನಲ್ಲಿ ಚುಚ್ಚಿ ತಿನ್ನುವವರು, ಗೌಡರ ಮನೆಯಲ್ಲಿ ಮುದ್ದೆ ಬಡಿಸಿದರೆ ಟೋಪಿ ಪಕ್ಕಕ್ಕಿಟ್ಟು, ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಎಂದು ನುಂಗುತ್ತಿದ್ದರು. ನಾನು ಒಮ್ಮೆ ಅಗಿದೆನೆಂದು ಎಲ್ಲರ ಎದುರು ಗದರಿಸಿದ್ದರು.

ಅವರಿಗೆ 'ಹ' ಬರುತ್ತಿರಲಿಲ್ಲ. ಬರೆಯಲು ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಕನ್ನಡ ಟೀಚರನ್ನು ಹುಡುಕಲು ಕಾರಣವೇ ಅದು. ಉಕ್ತಲೇಖನ ಕೊಡುವಾಗ ಹಾಲಿಗೆ "ಆಲು" ಎನ್ನುತ್ತಿದ್ದರು. ಮಕ್ಕಳು "ಆಲು" ಎಂದೇ ಬರೆಯುತ್ತಿದ್ದರು. ಅವರು ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿ, "ತಪ್ಪು. ಸರಿಯಾಗ್ ಕಿವಿಗಾಕ್ಕ. ನಾನೇಳಿದ್ದು ಆಲು. ನೀನ್ ಬರ್ದಿರೋದು ಆಲು. ಈಗ ಆಲು ಅಂತ ಬರಿ ನೋಡಾನ" ಎನ್ನುತ್ತಿದ್ದರು. ಮಗು ಮತ್ತೆ "ಆಲು" ಬರೆಯುತ್ತಿತ್ತು. ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಇದು ನಡೆಯುತ್ತಿತ್ತು.

ನನ್ನ ಕನ್ನಡ ಕೇಳಿದರೆ ಅವರಿಗೆ ನಗು. "ಮೈಸೂರಮ್ಮ, ನಿಮ್ ಮಾತು ಇಸ್ತ್ರಿ ಮಾಡ್ದಂಗೈತೆ. ಮುಟ್ಟಕ್ಕೇ ಬಯ ಆಯ್ತದೆ" ಎನ್ನುತ್ತಿದ್ದರು. ಅಂದಿನಿಂದ ನಾನು ಮೈಸೂರಮ್ಮನಾದೆ.

ಪುಸ್ತಕದ ವಿಷಯಕ್ಕೆ ಬರುತ್ತೇನೆ.

ಶಾಲೆಯಲ್ಲಿ ಒಂದು ಗಾಜಿನ ಬೀರು ಇತ್ತು. ಆಸ್ಟ್ರೇಲಿಯಾಕ್ಕೋ ಇಂಗ್ಲೆಂಡಿಗೋ ಹೊರಟುಹೋದ ಕುಟುಂಬಗಳು ಬಿಟ್ಟುಹೋದ ಮಕ್ಕಳ ಪುಸ್ತಕಗಳು ಅದರಲ್ಲಿ ತುಂಬಿದ್ದವು. ಅಕ್ಷರ ಕಲಿತು ಸ್ವಂತ ಓದಲು ಹೊರಟ ಪುಟ್ಟ ಮಕ್ಕಳಿಗಾಗಿ ಸಣ್ಣ ಸಣ್ಣ ಅಧ್ಯಾಯಗಳಲ್ಲಿ ಬರೆದ ಕಥೆಗಳು. ಎಲ್ಲದರಲ್ಲೂ ಹಿಮ, ಕುದುರೆ ಮರಿ, ಕೆಂಪು ಕೆನ್ನೆಯ ಅಣ್ಣ ತಂಗಿ. ದೊರೆಸಾನಿ ಅವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಹಿಮ ಅಂದರೇನು ಎಂದು ತೋರಿಸಲು ಐಸ್‌ಕ್ಯಾಂಡಿಯವನನ್ನು ಕರೆಸಿ ಐಸ್ ಪುಡಿ ಮಾಡಿಸಿದರು. ಕಥೆ ಎರಡನೇ ಪುಟ ದಾಟುವ ಮೊದಲು ಮಕ್ಕಳು ಹಿಮವನ್ನು ತಿಂದು ಮುಗಿಸಿದ್ದರು.

ಕನ್ನಡದಲ್ಲಿ ಹಾಗೆ ಅಧ್ಯಾಯಗಳಿರುವ ಪುಟ್ಟ ಪುಸ್ತಕ ನಮ್ಮ ಬೀರುವಿನಲ್ಲಿ ಇರಲಿಲ್ಲ. ಪಠ್ಯಪುಸ್ತಕ ಇತ್ತು, ಒಂದು ಪುಟ ಪಾಠ, ಅದರ ಬಾಲಕ್ಕೆ ಒಂದು ಪುಟ ಪ್ರಶ್ನೆ.

ಎರಡನೇ ತರಗತಿಯಲ್ಲಿ ರತ್ನ ಅಂತ ಒಬ್ಬಳಿದ್ದಳು, ಕುಂದಲಹಳ್ಳಿ ಗೌಡರ ಮೊಮ್ಮಗಳು. ಶಾಲೆಯ ಜಾಗ ಆ ಗೌಡರದ್ದೇ. ರತ್ನ ಒಂದು ದಿನ ಕಥೆಯ ನಡುವೆ ಎದ್ದು ನಿಂತು, "ಮಿಸ್, ಈ ಮನೇಲಿ ಯಾರೂ ಬೈಯೋದೇ ಇಲ್ವಾ?" ಎಂದಳು.

"ಯಾಕೆ ಬೈಬೇಕು?"

"ಕಪ್ಪು ಒಡೆದಾಕ್ದ, ಬಟ್ಟೆ ಕೆಸ್ರು ಮಾಡ್ಕಂಡ, ಆದ್ರೂ ಅವ್ರಮ್ಮ ಏನೂ ಅನ್ನಲ್ಲ. ಇದು ಸುಳ್ ಕತೆ ಮಿಸ್."

ತರಗತಿಯೆಲ್ಲ ಹೌದು ಹೌದು ಎಂದಿತು. ದೊರೆಸಾನಿ ಪುಸ್ತಕ ಮುಚ್ಚಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ, "ಆ ಮಗೀನ್ ಮಾತು ನಿಜ ಕಣಮ್ಮ. ಮನೆ ಅಂದ್ಮೇಲೆ ಬೈಗ್ಳ ಇರ್ಬೇಕು. ನಾವೇ ಒಂದು ಪುಸ್ತಕ ಮಾಡಾನ. ಕನ್ನಡದಾಗೆ. ಎಲ್ಲಾರ್ ಮನೇನೂ ಇರೋ ಅಂಥದ್ದು" ಎಂದರು.

ಕಥೆ ಅಲ್ಲೇ ಹುಟ್ಟಿತು. ಅವರ ಮನೆಯಲ್ಲಿ ಡಾಲಿ ಎಂಬ ಬಿಳಿ ಕೋಳಿ ಇತ್ತು. ಊರಿನವರ ಬಾಯಲ್ಲಿ ಡಾಲಮ್ಮ. ಬೇಲಿ ಹಾರಿ ಊರೂರು ತಿರುಗುವುದು ಅದರ ಚಾಳಿ. ಡಾಲಮ್ಮ ಒಂದೊಂದು ಅಧ್ಯಾಯದಲ್ಲಿ ಒಂದೊಂದು ಮನೆಗೆ ಹೋಗುತ್ತದೆ. ಏನೋ ಒಂದು ಅನಾಹುತ ಮಾಡುತ್ತದೆ. ಆ ಮನೆಯ ಭಾಷೆಯಲ್ಲಿ ಬೈಸಿಕೊಳ್ಳುತ್ತದೆ. ಆಮೇಲೆ ಆ ಮನೆಯ ತಿಂಡಿ ತಿನ್ನುತ್ತದೆ. ಅಧ್ಯಾಯಕ್ಕೆ ಅವರ ಅಳತೆ ಇದು: "ಮಗ ಒಂದು ಬನ್ ತಿನ್ನೋ ಒತ್ತಿಗೆ ಮುಗೀಬೇಕು. ಕೋಳಿ ಮುಂದಿನ ಮನೆ ಒಸ್ತಿಲ ಮ್ಯಾಲೆ ಒಂದ್ ಕಾಲ್ ಮಡಗ್ದಾಗ ನಿಲ್ಲಿಸ್ಬೇಕು. ಅಧ್ಯಾಯ ಇರೋ ಪುಸ್ತಕ ಓದ್ತೀನಿ ಅಂದ್ರೆ ಮಗಿಗೆ ಮೀಸೆ ಬಂದಂಗೆ ಆಯ್ತದೆ, ನೋಡ್ತಿರಿ."

ಬೈಗುಳ ಕಲ್ಪಿಸಿ ಬರೆಯೋಣ ಎಂದೆ. ಅವರು ಒಪ್ಪಲಿಲ್ಲ. ಮನೆಮನೆಗೆ ಹೋಗಿ ಕೇಳಿಕೊಂಡು ಬರಬೇಕಂತೆ. ಸರಿ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಬೈಗುಳ ಹುಡುಕಿಕೊಂಡು ಹೊರಟೆವು.

ಮೊದಲು ಗೌಡರ ಮನೆ. ಗೌಡರ ಹೆಂಡತಿಯ ಬಾಯಿ ಕುಂದಲಹಳ್ಳಿಯ ಕೆರೆಯ ಆಚೆಗೂ ಹೆಸರಾಗಿತ್ತು. ಆದರೆ ದೊರೆಸಾನಿ ಮನೆಗೆ ಬಂದಿದ್ದಾರೆ ಎಂದಕೂಡಲೆ ಆಕೆ ಸೆರಗು ಹೊದ್ದು, ಮಕ್ಕಳನ್ನು "ಬಾ ಚಿನ್ನ, ಕೂತ್ಕ ಬಂಗಾರ" ಎನ್ನತೊಡಗಿದರು. ಮಕ್ಕಳು ಗಾಬರಿಯಾದರು. ನಾವು ಒಂದು ಗಂಟೆ ಕೂತೆವು. ಅವರೆಕಾಳು ತಿಂದೆವು. ಒಂದು ಬೈಗುಳವೂ ಬೀಳಲಿಲ್ಲ.

ಕೊನೆಗೆ ದೊರೆಸಾನಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಕೊಡೆಯ ತುದಿಯಿಂದ ಮಜ್ಜಿಗೆಯ ಗಡಿಗೆಯನ್ನು ಮೆಲ್ಲಗೆ ತಳ್ಳಿದರು. ಗಡಿಗೆ ಉರುಳಿತು. ಮಜ್ಜಿಗೆ ಅಂಗಳದವರೆಗೆ ಹರಿಯಿತು. ಗೌಡರ ಹೆಂಡತಿ ಯಾರು ಏನು ನೋಡದೆ ಹತ್ತಿರವಿದ್ದ ರತ್ನಳ ಮೇಲೆ ತಿರುಗಿ ಶುರು ಮಾಡಿದರು: "ನಿನ್ ಬಾಯಿಗ್ ಮಣ್ಣಾಕ! ಕಣ್ಣೇನ್ ನೆತ್ತಿ ಮ್ಯಾಲೈತಾ? ಬರ್ಲಿ ಇರು ನಿಮ್ಮಪ್ಪ!"

ದೊರೆಸಾನಿ ಹಿಗ್ಗಿ ಹೋದರು. "ನಿಧಾನಕ್ಕೇಳಿ ಗೌಡ್ತಮ್ಮ, ಮೈಸೂರಮ್ಮ ಬರ್ಕಳ್ಳಿ" ಎಂದರು. ಗಡಿಗೆ ಉರುಳಿಸಿದ್ದು ತಾವೇ ಎಂದು ಒಪ್ಪಿಕೊಂಡು ರತ್ನಳ ತಲೆ ಸವರಿದರು. ಗೌಡತಿಗೆ ನಾಚಿಕೆಯಾಗಿ, ಆಮೇಲೆ ನಗು ಬಂದು, ನಾವು ಹೊರಡುವಷ್ಟರಲ್ಲಿ ನೆನಪಾದ ಬೈಗುಳವನ್ನೆಲ್ಲ ಬೇಲಿಯವರೆಗೆ ಬಂದು ಹೇಳಿ ಕಳಿಸಿದರು. ಅದರಲ್ಲಿ ಮುಕ್ಕಾಲು ಪಾಲು ಯಾವ ಪುಸ್ತಕದಲ್ಲೂ ಹಾಕುವಂತಿರಲಿಲ್ಲ.

ದ್ರಾಕ್ಷಿ ತೋಟದ ತಮಿಳಮ್ಮನ ಮನೆಯಲ್ಲಿ ಏನನ್ನೂ ಉರುಳಿಸಬೇಕಾಗಲಿಲ್ಲ. ಆಕೆಯ ಮಗ ನಮ್ಮ ಕಣ್ಣೆದುರೇ ಬೆಲ್ಲದ ಡಬ್ಬಿಗೆ ಕೈ ಹಾಕಿದ. "ಮೂದೇವಿ! ಉಂಗಪ್ಪ ವರಟ್ಟುಂ!" ನಿಮ್ಮಪ್ಪ ಬರಲಿ ಎಂದು. ಜಟಕಾ ಸಾಯ್ಬರ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಶಬಾನಾ ಮೇಲೆ ಕೂಗಿದ್ದು: "ಆಗ್ ಲಗೋ ತೇರಿ ಚಾಲ್ ಕು! ಅಬ್ಬಾ ಕು ಆನೆ ದೇ!" ನಿನ್ನ ನಡತೆಗೆ ಬೆಂಕಿ ಬೀಳ, ಅಪ್ಪ ಬರಲಿ ಎಂದೇ. ದೊರೆಸಾನಿ ದಾರಿಯಲ್ಲಿ ನಿಂತು ಕೊಡೆಯನ್ನು ನೆಲಕ್ಕೂರಿ ನಕ್ಕರು. ಅವರ ಬಂಗಲೆ ಸಾಲಿನಲ್ಲೂ ತಾಯಂದಿರು ಇಂಗ್ಲಿಷಿನಲ್ಲಿ ಹೇಳುವುದು ಅದನ್ನೇ ಅಂತೆ, ಡ್ಯಾಡಿ ಬರಲಿ ತಡಿ ಎಂದು. "ನೋಡ್ದಾ ಮೈಸೂರಮ್ಮ? ಬಾಷೆ ಬ್ಯಾರೆ ಬ್ಯಾರೆ, ಅಪ್ಪ ಒಬ್ನೇ" ಎಂದವರು, ಹೇಳಿದ್ದರ ಇನ್ನೊಂದು ಅರ್ಥ ಹೊಳೆದು ಕೆಂಪಗಾಗಿ, ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡು ಮನೆಯವರೆಗೆ ನಡೆದರು.

ಇನ್ನು ನಮ್ಮ ಮನೆ. ಅತ್ತೆಯವರು ಮಡಿ ಹೆಂಗಸು. ನಮ್ಮಲ್ಲಿ ಬೈಗುಳ ಸಿಗುವುದಿಲ್ಲ, ಅವರು ಯಾರಿಗೂ ಕೆಟ್ಟ ಮಾತಾಡಿದವರಲ್ಲ ಎಂದೆ. ದೊರೆಸಾನಿ ಡಾಲಿಯನ್ನೇ ಬುಟ್ಟಿಯಲ್ಲಿ ತಂದಿದ್ದರು. ಅದು ಬುಟ್ಟಿಯಿಂದ ನೆಗೆದು ನೇರ ಅಡುಗೆಮನೆಗೆ ನುಗ್ಗಿ, ಒಣಹಾಕಿದ ಹಪ್ಪಳದ ಮೇಲೆ ನಡೆದು, ದೇವರ ಗೂಡಿನ ಕೆಳಗೆ ಕೂತಿತು. ಅತ್ತೆಯವರು ಕೋಳಿಗೆ ಏನೂ ಅನ್ನಲಿಲ್ಲ. ನನಗೆ ಏನೂ ಅನ್ನಲಿಲ್ಲ. ಕೈ ಮುಗಿದು ಗೂಡಿನ ಕಡೆ ತಿರುಗಿ, "ರಾಮಚಂದ್ರ, ಇನ್ನೂ ಏನೇನು ನೋಡಲಿ ಅಂತ ನನ್ನನ್ನ ಉಳಿಸಿದ್ದೀಯೋ? ಎಲ್ಲಾ ನನ್ನ ಕರ್ಮ" ಎಂದರು.

ದೊರೆಸಾನಿ ಮೆಚ್ಚಿಕೊಂಡು ತಲೆದೂಗಿದರು. "ಇದು ಎಲ್ಲಾಕ್ಕಿಂತ ಬಿಗಿ ಬೈಗ್ಳ ಕಣಮ್ಮ. ಯಾರ್ನೂ ಬೈಯ್ಲಿಲ್ಲ, ಎಲ್ರಿಗೂ ಬಿತ್ತು."

ಬರೆಯುವಾಗ ನಮ್ಮಿಬ್ಬರಿಗೆ ದಿನವೂ ಜಗಳ. ಅಚ್ಚಿನಲ್ಲಿ 'ಐತೆ', 'ಅಂಗೆ' ಬರಕೂಡದು, ಮಕ್ಕಳು ತಪ್ಪು ಕಲಿಯುತ್ತಾರೆ ಎಂದು ನಾನು. 'ಹೋಗುತ್ತೇನೆ' ಎಂದು ಯಾವ ಕೋಳಿ ಕಳ್ಳನೂ ಹೇಳಿದ್ದಿಲ್ಲ ಎಂದು ಅವರು. ಕಡೆಗೆ ರಾಜಿಯಾಯಿತು: ಕಥೆ ಹೇಳುವುದು ನನ್ನ ಇಸ್ತ್ರಿ ಕನ್ನಡದಲ್ಲಿ, ಜನ ಮಾತಾಡುವುದು ಅವರವರ ಬಾಯಲ್ಲಿ. ಚಿತ್ರ ಬರೆದದ್ದು ಅವರು. ಅವರು ಬರೆದ ಕೋಳಿ ಟೀ ಕೆಟಲ್ಲಿನಂತಿತ್ತು. ಹೇಳಿದರೆ, "ಕೊಕ್ಕಿನ್ ಕಡೆಯಿಂದ ನೋಡಿ" ಎನ್ನುತ್ತಿದ್ದರು.

ಮೊದಲ ಅಧ್ಯಾಯಗಳನ್ನು ತರಗತಿಯಲ್ಲಿ ಓದಿದ ದಿನ ಮಕ್ಕಳು ಬೆಂಚಿನ ಮೇಲೆ ಹತ್ತಿ ಕೂತಿದ್ದರು. ಗೌಡತಿಯ ಬೈಗುಳಕ್ಕೆ ರತ್ನ ತಾನೇ ಬೈದವಳಂತೆ ಎದೆ ಸೆಟೆಸಿದಳು. ಡಾಲಮ್ಮ ಅಲ್ಲಿಂದ ಹೊರಟು ಜಟಕಾ ಸಾಯ್ಬರ ಮನೆಯ ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಿತು. ಅಲ್ಲಿ ದೊರೆಸಾನಿ ಓದು ನಿಲ್ಲಿಸಿ, "ಮುಂದೇನಾಯ್ತದೆ, ಏಳಿ ನೋಡಾನ?" ಎಂದರು.

"ಬಿರಿಯಾನಿ!" ಎಂದು ಇಡೀ ತರಗತಿ ಒಂದೇ ಬಾಯಲ್ಲಿ ಕೂಗಿತು. ನಗುವೋ ನಗು.

ಶಬಾನಾ ನಗಲಿಲ್ಲ. ಸ್ಲೇಟನ್ನು ಚೀಲಕ್ಕೆ ಹಾಕಿದಳು. "ನಮ್ ಮನೇಗ್ ಬಂದಿರೋ ಕೋಳೀನ ನಾವ್ ತಿಂದ್ಬಿಡ್ತೀವಾ?" ಎಂದು ಯಾರನ್ನೂ ನೋಡದೆ ಕೇಳಿ, ಬಾಗಿಲು ದಾಟಿ ಹೊರಟುಹೋದಳು. ಮಾರನೆಯ ದಿನ ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ದೊರೆಸಾನಿ ಅಷ್ಟು ಮಂಕಾಗಿದ್ದನ್ನು ನಾನು ನೋಡಿರಲಿಲ್ಲ. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚು ಕೀಳುತ್ತ ಕೂತಿದ್ದರು. "ಎಲ್ಲಾರ್ ಮನೇನೂ ಪುಸ್ತಕದಾಗಿರ್ಲಿ ಅಂದೆ. ಇದ್ರೆ ಸಾಕಾ? ನಾನ್ ಒಸ್ತಿಲ ಮ್ಯಾಲೆ ನಿಲ್ಸಿದ್ದು ಕೋಳೀನಲ್ಲ ಮೈಸೂರಮ್ಮ, ಆ ಮಗೀನ."

ಇಬ್ಬರೂ ಶಬಾನಾಳ ಮನೆಗೆ ಹೋದೆವು. ಅವಳು ಅಜ್ಜಿಯ ಬೆನ್ನ ಹಿಂದೆ ಅಡಗಿದ್ದಳು. ದೊರೆಸಾನಿ ಚಾಪೆಯ ಮೇಲೆ ಕೂತು ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ತಪ್ಪಾಯಿತು, ಆ ಮನೆಯಲ್ಲಿ ಕೋಳಿ ತಿನ್ನುವುದಿಲ್ಲ ಎಂದು ಬರೆದುಬಿಡುತ್ತೇನೆ ಎಂದರು.

ಅಜ್ಜಿ ಎಲೆ ಅಡಿಕೆಯ ಬಾಯಿ ತೆರೆದು ದಿಟ್ಟಿಸಿದರು. "ಅಯ್ಯೋ ಅಲ್ಲಾ, ಹಂಗ್ ಬರೀಬೇಡಿ ಅಮ್ಮಾ! ಜನ ನಗ್ತಾರೆ. ಕೋಳಿ ತಿಂತೀವಿ, ಚೆನ್ನಾಗ್ ತಿಂತೀವಿ. ಆದ್ರೆ ಹೊಸ್ತಿಲು ತುಳ್ದು ತಾನಾಗಿ ಬಂದಿದ್ದು ಮೆಹಮಾನ್, ನೆಂಟ್ರು. ಮೆಹಮಾನ್‌ನ ಯಾರಾದ್ರೂ ತಿಂತಾರಾ? ಅದಕ್ಕೆ ನಾವೇ ತಿನ್ನಿಸಬೇಕು." ಆಮೇಲೆ ಸ್ವಲ್ಪ ಮುಂದೆ ಬಾಗಿ, "ಅಲ್ಲಾ, ನಮ್ಮನ್ನ ಕೇಳ್ತೀರಲ್ಲ, ಗೌಡ್ರ ಮನೇಲಿ ಏನ್ ಮಾಡ್ತಾರೆ ಅಂತ ಕೇಳಿದ್ರಾ? ಅಲ್ಲಿ ಹುಷಾರಾಗಿರ್ಬೇಕು ನಿಮ್ ಕೋಳಿ" ಎಂದರು.

ದೊರೆಸಾನಿಯ ಮುಖ ಬೆಳಗಿತು. ಕೊಡೆ ಹಿಡಿದು ಎದ್ದರು. ಗೌಡರ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳಿದೆವು. ಗೌಡತಿ ಕೆನ್ನೆ ಕೆನ್ನೆ ಬಡಿದುಕೊಂಡು, "ಮನೆಗ್ ಬಂದಿದ್ದನ್ನ ತಿಂತೀವಾ? ಶಿವ ಶಿವ! ಆದ್ರೆ ಆ ತೋಟದೋರ್ ಮನೆ ಕಡೀಕ್ ಬಿಡ್ಬ್ಯಾಡ್ರವ್ವ" ಎಂದರು. ತೋಟದ ತಮಿಳಮ್ಮ, ತಮ್ಮ ಮನೆಯಲ್ಲಿ ಭಯವೇನಿಲ್ಲ, ಮೈಸೂರಮ್ಮನ ಮನೆ ಅಜ್ಜಿಯೇ ಕೋಳಿ ಕಂಡರೆ ಪೊರಕೆ ತೆಗೆದುಕೊಳ್ಳುತ್ತಾರಂತೆ ಎಂದರು. ನಮ್ಮತ್ತೆಯವರು ಪೊರಕೆಯನ್ನು ಹಿಂದೆ ಬಚ್ಚಿಟ್ಟುಕೊಂಡು, "ನಾವು ಪ್ರಾಣಿಗೆ ಕೈ ಎತ್ತೋರಲ್ಲಮ್ಮ. ಆದರೂ ಆ ದೊರೆಸಾನಿ ಮನೆಯವರಿದ್ದಾರಲ್ಲ, ಕ್ರಿಸ್‌ಮಸ್ ಹತ್ತಿರ ಬಂತು..." ಎಂದು, ಎದುರಿಗೆ ಕೂತಿರುವವರು ಯಾರೆಂದು ನೆನಪಾಗಿ ಮಾತು ನುಂಗಿದರು.

ನಮಗೆ ಬೇಕಿದ್ದ ಪುಸ್ತಕ ಅಲ್ಲಿ ಸಿಕ್ಕಿಬಿಟ್ಟಿತು. ಹೊಸದಾಗಿ ಬರೆದೆವು. ಪ್ರತಿ ಮನೆಯಲ್ಲೂ ಡಾಲಮ್ಮ ನಡುಗುತ್ತ ನಿಲ್ಲುತ್ತದೆ. ಪ್ರತಿ ಮನೆಯವರೂ ಬೈದು, ತಿನ್ನಿಸಿ, ನಾವು ನಿನ್ನನ್ನು ತಿನ್ನುವವರಲ್ಲ, ಆದರೆ ಪಕ್ಕದ ಮನೆಯವರ ಬಗ್ಗೆ ಹುಷಾರು ಎನ್ನುತ್ತಾರೆ. ಎಲ್ಲ ಮನೆ ದಾಟಿ ಡಾಲಮ್ಮ ಸುರಕ್ಷಿತವಾಗಿ ತನ್ನ ಸ್ವಂತ ಮನೆ ಸೇರುತ್ತದೆ. ಅಲ್ಲಿ ಕ್ರಿಸ್‌ಮಸ್. ಅಡುಗೆಯವಳು ಒರಳಿನ ಮುಂದೆ ಕೂತು ಮಸಾಲೆ ರುಬ್ಬುತ್ತಿದ್ದಾಳೆ. ಡಾಲಮ್ಮ ಬಂದ ದಾರಿ ಹಿಡಿದು ರತ್ನಳ ಮನೆಯ ಕಡೆ ಓಡುತ್ತದೆ. ಕೊನೆಯ ವಾಕ್ಯ ಅಲ್ಲಿಗೆ. ಮಕ್ಕಳು ಒಂದನೇ ಅಧ್ಯಾಯವನ್ನು ಮತ್ತೆ ತೆಗೆಯುತ್ತಿದ್ದರು.

ಶಬಾನಾ ಬಂದಳು. ಅವಳ ಮನೆಯ ಅಧ್ಯಾಯ ಓದುವಾಗ ನನ್ನ ದಖನಿ ಉಚ್ಚಾರಣೆ ಕೇಳಲಾರದೆ ಎದ್ದು ಬಂದು ಅಜ್ಜಿಯ ಪಾಲಿನ ಮಾತೆಲ್ಲ ತಾನೇ ಬೈದಳು. ಆಗ ತರಗತಿ ಕೂಗಿದ್ದು ಬೇರೆ: "ಇನ್ನೊಂದ್ಸಲ!"

ಚರ್ಚಿನ ಆಫೀಸಿನಲ್ಲಿ ಒಂದು ಸೈಕ್ಲೋಸ್ಟೈಲ್ ಯಂತ್ರವಿತ್ತು. ಸ್ಟೆನ್ಸಿಲ್ ಕಾಗದದ ಮೇಲೆ ಕೊರೆದು, ಮಸಿ ಹಾಕಿ, ಹಿಡಿ ತಿರುಗಿಸಿದರೆ ಪುಟ ಉದುರುತ್ತಿತ್ತು. ಇಬ್ಬರೂ ಮೊಣಕೈವರೆಗೆ ಮಸಿ ಮಾಡಿಕೊಂಡು, ತರಗತಿಯ ಪ್ರತಿ ಮಗುವಿಗೂ ಒಂದೊಂದು 'ಡಾಲಮ್ಮನ ತಿರುಗಾಟ' ಹೊಲಿದುಕೊಟ್ಟೆವು.

ಗಲಾಟೆ ಶುರುವಾದದ್ದು ಆಮೇಲೆ. ಸಮಿತಿಯ ಅಧ್ಯಕ್ಷರು ರೈಲ್ವೆಯಿಂದ ನಿವೃತ್ತರಾದ ಆಂಗ್ಲೋ ಇಂಡಿಯನ್ ದೊಡ್ಡ ಮನುಷ್ಯರು. ಅವರಿಗೆ ಕನ್ನಡ ಬಾರದು. ಯಾರೋ ಅವರಿಗೆ, ದೊರೆಸಾನಿ ಮಕ್ಕಳಿಗೆ ಊರಿನ ಬೈಗುಳಗಳ ಪುಸ್ತಕ ಹಂಚಿದ್ದಾರೆ ಎಂದಿದ್ದರು. ಸುಳ್ಳೂ ಅಲ್ಲ. ಪುಸ್ತಕ ಹಿಂತೆಗೆದುಕೊಳ್ಳಿ, ಇಲ್ಲವೇ ಕೆಲಸ ಬಿಡಿ ಎಂದು ಹೇಳಿ ಕಳಿಸಿದರು. ಸಭೆ ಕರೆದರು. ಶಾಲೆಯ ಜಾಗ ಕೊಟ್ಟ ಗೌಡರಿಗೂ ಬರಹೇಳಿದರು.

ದೊರೆಸಾನಿಗೆ ಶಾಲೆಯ ಕೆಲಸ ಬಿಟ್ಟು ಬೇರೆ ಆಧಾರವಿರಲಿಲ್ಲ. ಇದ್ದ ಮನೆಯೂ ಶಾಲೆಯದ್ದೇ. ಅಣ್ಣ ತಮ್ಮಂದಿರೆಲ್ಲ ದೇಶ ಬಿಟ್ಟಿದ್ದರು. ಸಭೆಯ ದಿನ ಅವರು ಎಲ್ಲರಿಗೂ ಟೀ ಸುರಿದರು. ತಟ್ಟೆಗೂ ಸುರಿದರು. ಸಕ್ಕರೆಯ ಬದಲು ಉಪ್ಪು ಹಾಕಿದ್ದರು. ಅಧ್ಯಕ್ಷರು ಒಂದು ಗುಟುಕು ಕುಡಿದು, ಇನ್ನೂ ಕೆಟ್ಟ ಮುಖ ಮಾಡಿಕೊಂಡು, ಇಂಗ್ಲಿಷಿನಲ್ಲಿ ಮಾತು ಆರಂಭಿಸಿದರು. ಸಭ್ಯತೆ, ಮಕ್ಕಳ ಎಳೆ ಮನಸ್ಸು, ಶಾಲೆಯ ಮರ್ಯಾದೆ.

ಗೌಡರು ತಡವಾಗಿ ಬಂದರು. ಮುಖ ಬಿಗಿದಿತ್ತು. ಕೈಯಲ್ಲಿ ರತ್ನಳ ಪ್ರತಿ. ಕೂರಲೂ ಇಲ್ಲ.

"ದೊರೆಸಾನಮ್ಮ, ನಂಗ್ ಓದಕ್ ಬರಾಕಿಲ್ಲ. ಮೊಮ್ಮಗಳು ಓದೇಳಿದ್ಲು. ಇದು ಸರೀನಾ ನೀವೇ ಏಳಿ."

ಅಧ್ಯಕ್ಷರು ನೋಡಿದಿರಾ ಎಂಬಂತೆ ನಮ್ಮತ್ತ ನೋಡಿದರು.

"ಸಾಯ್ಬ್ರ ಮನೇಲಿ ಕೋಳಿ ಎಲ್ಡ್ ದಿನ ಐತೆ" ಎಂದರು ಗೌಡರು. "ನಮ್ಮನೇಲಿ ಒಂದೊತ್ತೂ ಇಲ್ಲ. ಬೈಸ್ಕಂತು, ನಾಕ್ ಕಾಳ್ ತಿಂತು, ಒಂಟೋಯ್ತು. ನೋಡಿದೋರೇನಂತಾರೆ? ನಮ್ಮನೇಲೇನ್ ಕಾಳಿಗ್ ಬರ್‍ವಾ?"

ಅಧ್ಯಕ್ಷರು ಮುಂದೆ ಬಾಗಿ, ಗೌಡರು ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ದೊರೆಸಾನಿ ಇಂಗ್ಲಿಷಿನಲ್ಲಿ, "ಪುಸ್ತಕ ಇನ್ನೂ ಉದ್ದ ಇರಬೇಕಾಗಿತ್ತು ಎನ್ನುತ್ತಿದ್ದಾರೆ" ಎಂದರು. ಅದು ಅಪ್ಪಟ ಸರಿಯಾದ ಅನುವಾದ.

ಅಧ್ಯಕ್ಷರು ಕಂಗಾಲಾಗಿ, ಆದರೆ ಬೈ‌ಗುಳ, ಬೈಗುಳದ ಬಗ್ಗೆ ಕೇಳಿ ಎಂದರು. ದೊರೆಸಾನಿ ಗೌಡರಿಗೆ ಹೇಳಿದರು: "ಬೈಗ್ಳ ಜಾಸ್ತಿ ಆಯ್ತು ಅಂತವ್ರೆ."

"ಯಾವ್ ಬೈಗ್ಳ?" ಗೌಡರು ನಿಜವಾಗಿಯೂ ಆಶ್ಚರ್ಯಪಟ್ಟರು. "ನಮ್ ಮನೆಯೋಳ್ದು ಇದ್ರಾಗೆ ಕಾಲ್ ಬಾಗನೂ ಬಂದಿಲ್ವಲ್ಲ!"

ಜಾಗ ಕೊಟ್ಟವರ ಮಾತು, ಅಧ್ಯಕ್ಷರು ಇಳಿದರು. ಆದರೂ ಒಂದು ಷರತ್ತು ಹಾಕಿದರು: ಬೈಗುಳವನ್ನು ಶಾಲೆಯಲ್ಲಿ ಗಟ್ಟಿಯಾಗಿ ಓದಕೂಡದು. ದೊರೆಸಾನಿ ಚಾಚೂ ತಪ್ಪದೆ ಪಾಲಿಸಿದರು. ಬೈಗುಳ ಬಂದ ಕಡೆ ಬಾಯಿ ಮುಚ್ಚಿ ಓದಬೇಕೆಂದು ಮಕ್ಕಳಿಗೆ ಹೇಳಿಕೊಟ್ಟರು. "ಗೌಡತಿ ಕೋಪದಿಂದ, ಮ್ಮ್ ಮ್ಮ್ಮ್ ಮ್ಮ್ ಮ್ಮ್ಮ್ ಎಂದಳು" ಎಂದು ಇಡೀ ತರಗತಿ ರಾಗವಾಗಿ ಗುನುಗುತ್ತಿತ್ತು. ಒಂದು ದಿನ ಅಧ್ಯಕ್ಷರು ವರಾಂಡದಲ್ಲಿ ನಿಂತು ಕೇಳಿ, ಬಹಳ ಇಂಪಾಗಿದೆ, ಇದು ಯಾವ ಹಾಡು ಎಂದು ನನ್ನನ್ನು ವಿಚಾರಿಸಿದರು. ಹೇಳಿದೆ. ಪೈಪು ಕಚ್ಚಿಕೊಂಡು ತರಗತಿಯ ಬಾಗಿಲವರೆಗೆ ಹೋಗಿ ಇನ್ನೊಮ್ಮೆ ಕೇಳಿದರು. ಷರತ್ತು ಅಂದೇ ಹೋಯಿತು.

ಗೌಡರ ಮನೆಯ ಅಧ್ಯಾಯವನ್ನು ಮುಂದಿನ ವರ್ಷ ಹಿಗ್ಗಿಸಿದೆವು. ಕೋಳಿ ಮೂರು ದಿನ ಇದ್ದು ಬಂತು. ಆಮೇಲೆ ಸಾಯ್ಬರ ಮನೆಯಿಂದ ಹೇಳಿ ಕಳಿಸಿದರು. ಹೀಗೆ ಪ್ರತಿ ವರ್ಷ ಪುಸ್ತಕ ಉಬ್ಬುತ್ತ ಹೋಗಿ, ಕೊನೆಕೊನೆಗೆ ಒಂದು ಅಧ್ಯಾಯಕ್ಕೆ ಒಂದು ಬನ್ ಸಾಲದಾಗಿತ್ತು. ಎಂಬತ್ತರ ದಶಕದಲ್ಲಿ ಊರಿಗೆ ಹೊಸಬರು ಬಂದಂತೆಲ್ಲ, ಕೇರಳದವರು, ಬಳ್ಳಾರಿ ಕಡೆಯವರು, ಯಾರು ಮನೆ ಹಿಡಿದರೂ ದೊರೆಸಾನಿ ಕೊಡೆ ಹಿಡಿದು ಅವರ ಅಡುಗೆಮನೆಯಲ್ಲಿ ಹೋಗಿ ಕೂರುತ್ತಿದ್ದರು. ಊರಿನವರು ಹೊಸಬರಿಗೆ ಮೊದಲೇ ಹೇಳಿಬಿಡುತ್ತಿದ್ದರು: ಮಜ್ಜಿಗೆ ಗಡಿಗೆ ಎತ್ತಿ ಮೇಲಿಡಿ.

ಕೆಲಸದಲ್ಲಿರುವಾಗಲೇ ಅವರು ಹೋದರು. ಕೆಮ್ಮು ಎಂದು ಎರಡು ದಿನ ಮಲಗಿದವರು ಏಳಲಿಲ್ಲ. ಸಮಾಧಿಯ ಸುತ್ತ ಮುಂದೆ ಸಮಿತಿಯವರು, ಬಂಗಲೆಗಳವರು ನಿಂತಿದ್ದರು. ಹಿಂದೆ ಗೌಡರು, ಗೌಡತಿ, ಶಬಾನಾಳ ಅಜ್ಜಿ, ತೋಟದ ತಮಿಳಮ್ಮ, ಸ್ಮಶಾನಕ್ಕೆ ಹೆಂಗಸರು ಹೋಗಬಾರದೆಂದು ಜೀವಮಾನವೆಲ್ಲ ಹೇಳಿಕೊಂಡು ಬಂದಿದ್ದ ನಮ್ಮತ್ತೆ. ಪಾದ್ರಿ ಕೇರಳದವರು, ಆ ತಿಂಗಳಷ್ಟೇ ಬಂದವರು. ದೊರೆಸಾನಿಯನ್ನು ಕಂಡಿರಲೇ ಇಲ್ಲ. ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದದ್ದನ್ನು ಓದುತ್ತಿದ್ದರು.

"ಏನಂತವ್ರೆ?" ಎಂದು ಗೌಡತಿ ನನ್ನ ಸೆರಗು ಜಗ್ಗಿದರು.

ನಾನು ಕಣ್ಣೊರೆಸಿಕೊಂಡು ಅನುವಾದಿಸಿದೆ. "ಮೃದು ಮಾತಿನವರಾಗಿದ್ದರಂತೆ. ಯಾರಿಗೂ ಒಂದು ಬಿರುನುಡಿ ಆಡಿದವರಲ್ಲವಂತೆ."

ಗೌಡತಿ ಪಾದ್ರಿಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. "ಯಾರ್ ಮಣ್ಣಿಗೆ ಕರ್ಕಂಬಂದಿದ್ದೀಯಮ್ಮ ನಮ್ನ?"

ಶಬಾನಾಳ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಪ್ರಯೋಜನವಾಗಲಿಲ್ಲ. ಹಿಂದಿನ ಸಾಲೆಲ್ಲ ಅಳುತ್ತಲೇ ನಗತೊಡಗಿತು. ಮುಂದಿನ ಸಾಲಿನಲ್ಲಿ ಮೊದಲು ಭುಜ ಕುಲುಕಿದ್ದು ಅಧ್ಯಕ್ಷರದ್ದು.

ಪಾದ್ರಿ ಕಾಗದ ಮಡಿಸಿ ನಮ್ಮ ಹತ್ತಿರ ಬಂದು, ತಾನೇನಾದರೂ ತಪ್ಪು ಹೇಳಿದೆನೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದ ಕೂಡಲೆ ಗೌಡತಿ, "ಸ್ವಾಮಿ, ಅದೆಲ್ಲ ಬ್ಯಾಡಿ. ನಮ್ಮೂರ್ ಎಂಗ್ಸು ಅನ್ನಿ, ಸಾಕು" ಎಂದರು.

ಅವರಿಗೆ ಕನ್ನಡ ತಿಳಿಯದು. ಎರಡು ಸಲ ತುಟಿಯಲ್ಲೇ ಹೇಳಿಕೊಂಡು, ಸಮಾಧಿಯ ತಲೆಯ ಕಡೆ ಹೋಗಿ ನಿಂತು, ಕೇಳಿದ್ದನ್ನು ಕೇಳಿದ ಹಾಗೆಯೇ ಗಟ್ಟಿಯಾಗಿ ಹೇಳಿದರು.

"ನಮ್ಮೂರ್ ಎಂಗ್ಸು."

ಯಾರೂ ನಗಲಿಲ್ಲ. ಎಲ್ಲರಿಗಿಂತ ಮೊದಲು ಗೌಡರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು.